ಕಸದ ಗಾಡಿಯ ಪಲ್ಲವಿ

ಕಂಬಾಲಹುಡ್ಯ ಊರಿಗೆ ನೀರು ಬಿಡುವ ನೀರುಗಂಟಿ ರಾಮಾಂಜಿನಪ್ಪನಿಗೆ ಸಂಗೀತ ಬರುವುದಿಲ್ಲ ಎಂಬುದು ಶಿಡ್ಲಘಟ್ಟ ತಾಲ್ಲೂಕಿನ ಅರ್ಧ ಜನಕ್ಕೆ ಗೊತ್ತಿತ್ತು. ಉಳಿದರ್ಧ ಜನಕ್ಕೆ ರಾಮಾಂಜಿನಪ್ಪ ಯಾರೆಂದೇ ಗೊತ್ತಿರಲಿಲ್ಲ. ಹೀಗಾಗಿ ಅವನಿಗೆ ಸಂಗೀತ ಬರುತ್ತದೆ ಎಂದು ನಂಬಿದ್ದವನು ಅವನೊಬ್ಬನೇ.

ಊರಿನ ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ಭಜನೆ ನಡೆಯುತ್ತದೆ. ಮೂವತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ರಾಮಾಂಜಿನಪ್ಪನೂ ಒಂದು ಶನಿವಾರ ಅಲ್ಲಿ ಕೂತಿದ್ದ. ಕೈಗೆ ಒಂದು ಜೊತೆ ಕಂಚಿನ ತಾಳ ಕೊಟ್ಟಿದ್ದರು. ಮೊದಲನೆಯ ಹಾಡು ಮುಗಿಯುವುದರೊಳಗೆ ಮೃದಂಗದವನು ಎದ್ದು ಆಚೆ ಹೋದ. ಹಾರ್ಮೋನಿಯಂನವನು ತನ್ನ ಪೆಟ್ಟಿಗೆಯೇ ಕೆಟ್ಟಿತೇನೋ ಎಂದು ಬಿಚ್ಚಿ ನೋಡಿದ. ಭಜನೆಯ ಗುರು ಕೋನಪ್ಪ ಮಾತ್ರ ಕಾಯಿಲೆ ಎಲ್ಲಿದೆ ಎಂದು ಸರಿಯಾಗಿ ಕಂಡುಹಿಡಿದು, ರಾಮಾಂಜಿನಪ್ಪನ ಕೈಯಿಂದ ತಾಳ ಕಿತ್ತುಕೊಂಡು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಮುನಿಗಂಗಮ್ಮನ ಕೈಗೆ ಕೊಟ್ಟ. ಅವಳ ತಾಳ ಅಂದಿನಿಂದ ಇಂದಿನವರೆಗೆ ಒಂದು ಪೆಟ್ಟೂ ತಪ್ಪಿಲ್ಲ. ಗಂಡ ಅಂದಿನಿಂದ ಇಂದಿನವರೆಗೆ ಗುಡಿಯ ಬಾಗಿಲಲ್ಲಿ ಕೂತು ಚಪ್ಪಲಿ ಕಾಯುತ್ತಿದ್ದಾನೆ.

ಕೋನಪ್ಪನ ಭಜನೆಗೆ ಎರಡು ಕಟ್ಟಳೆ. ಮೊದಲನೆಯದು, ಗುರುವಿನ ಬಾಯಿಂದ ಏನು ಬಂತೋ ಅದನ್ನು ಉಳಿದವರು ಕಣ್ಣು ಮುಚ್ಚಿಕೊಂಡು ಹಾಗೇ ಎರಡು ಸಲ ತಿರುಗಿ ಹೇಳಬೇಕು, ಅರ್ಥ ಕೇಳಕೂಡದು. ಒಮ್ಮೆ ಹಾಡಿನ ನಡುವೆ ಪ್ರಸಾದದ ಹತ್ತಿರಕ್ಕೆ ನಾಯಿ ಬಂತೆಂದು ಕೋನಪ್ಪ, ‘ಆ ನಾಯಿ ಓಡಿಸ್ರೋ’ ಎಂದು ಕೂಗಿದ್ದ. ಹದಿನೆಂಟು ಜನ ‘ಆ ನಾಯಿ ಓಡಿಸ್ರೋ’ ಎಂದು ಭಕ್ತಿಯಿಂದ ಎರಡು ಸಲ ಹಾಡಿದರೇ ಹೊರತು ಒಬ್ಬರೂ ಏಳಲಿಲ್ಲ. ನಾಯಿ ತೃಪ್ತಿಯಿಂದ ತಿಂದು ಹೋಯಿತು. ಎರಡನೆಯ ಕಟ್ಟಳೆ, ಶುರುವಾದ ಭಜನೆ ಮಂಗಳ ಹಾಡುವವರೆಗೆ ನಿಲ್ಲಕೂಡದು, ಮಂಗಳವಾದ ಮೇಲೆ ಆ ದಿನ ಮತ್ತೆ ಶುರುವಾಗಕೂಡದು. ಮಂಗಳದ ಹೊತ್ತಿಗೆ ಗಂಟೆ, ಜಾಗಟೆ, ತಾಳ ಎಲ್ಲವೂ ಒಟ್ಟಿಗೆ, ಯಾವ ಎಣಿಕೆಯೂ ಇಲ್ಲದೆ, ಕೈಗೆ ಬಂದಂತೆ ಬಡಿದುಕೊಳ್ಳುತ್ತವೆ. ಇವೆರಡು ಕಟ್ಟಳೆಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ರಾಮಾಂಜಿನಪ್ಪ ಇಟ್ಟುಕೊಳ್ಳಲಿಲ್ಲ.

ಎಲ್ಲ ಶುರುವಾದದ್ದು ಗ್ರಾಮ ಪಂಚಾಯಿತಿಯ ಸಭೆಯಲ್ಲಿ. ಅವತ್ತು ಚರ್ಚೆಗೆ ಬಂದದ್ದು ಕಸದ ಗಾಡಿಯ ಹಾಡು. ಗಾಡಿ ಓಡಿಸುವ ಕವಿತ ಎದ್ದು ನಿಂತು ತನ್ನ ಗೋಳು ತೋಡಿಕೊಂಡಳು.

“ಮೇಡಂ, ಈಗ ಹಾಕ್ತಿರೋ ಹಾಡು ಕೇಳಿ ಯಾರೂ ಆಚೆ ಬರ್ತಿಲ್ಲ. ಅಷ್ಟು ನಯವಾಗೈತೆ. ಕೊನೇ ಬೀದೀಲಿ ಒಬ್ಬಮ್ಮ, ‘ಇಲ್ಲೇ ಸ್ವಲ್ಪ ನಿಲ್ಲಿಸಮ್ಮ, ಮಗು ಮಲಗ್ಲಿ’ ಅಂತಾಳೆ.”

ಪಿಡಿಒ ಶೋಭಾರಾಣಿ ಮೇಡಂ ಸುತ್ತೋಲೆ ಓದಿದರು. ಪ್ರತಿ ಪಂಚಾಯಿತಿಯೂ ತನ್ನದೇ ಒಂದು ಹಾಡು ಮಾಡಬೇಕು. ಮೂರು ನಿಮಿಷ ಮೀರಬಾರದು. ಮುಂದಿನ ಗುರುವಾರ ಹನ್ನೊಂದು ಗಂಟೆಗೆ ಶಿಡ್ಲಘಟ್ಟದ ಸಭಾಂಗಣದಲ್ಲಿ ಎಲ್ಲವನ್ನೂ ಕೇಳಿ, ಒಂದನ್ನು ಆರಿಸಿ, ಇಡೀ ತಾಲ್ಲೂಕಿನ ಗಾಡಿಗಳಿಗೆ ಹಾಕಲಾಗುವುದು.

“ನಮ್ಮಲ್ಲಿ ಯಾರಿಗಾದ್ರೂ ಹಾಡಿನ ವಿಷಯ ಗೊತ್ತಿದೆಯಾ?” ಎಂದರು ಮೇಡಂ.

ರಾಮಾಂಜಿನಪ್ಪ ಸಭೆಗೆ ಬಂದದ್ದು ಊರಿನ ಎರಡನೇ ಬೋರ್‌ವೆಲ್ಲಿನ ಸ್ಟಾರ್ಟರ್ ಸುಟ್ಟುಹೋಗಿದೆ ಎಂದು ಹೇಳುವುದಕ್ಕೆ. ಆದರೆ ಹಿಂದಿನ ದಿನ ಅವನು ಮೊಬೈಲಿನಲ್ಲಿ ‘ಹತ್ತೇ ನಿಮಿಷದಲ್ಲಿ ಸಂಗೀತದ ಮೂಲಪಾಠ’ ಎಂಬ ವಿಡಿಯೊ ನೋಡಿದ್ದ. ಆರನೆಯ ನಿಮಿಷಕ್ಕೆ ಡೇಟಾ ಮುಗಿದಿತ್ತು. ಆ ಆರು ನಿಮಿಷ ಒಳಗೇ ಕುದಿಯುತ್ತಿತ್ತು.

“ಮೇಡಂ, ಹಾಡು ಅಂದ್ರೆ ಸುಮ್ನೆ ಅಲ್ಲ,” ಎಂದ. “ಅದಕ್ಕೆ ಥಿಯರಿ ಐತೆ. ಶ್ರುತಿ ಇರ್ಬೇಕು, ತಾಳ ಇರ್ಬೇಕು, ಪಲ್ಲವಿ ಇರ್ಬೇಕು, ಆಮೇಲೆ…” ಡೇಟಾ ಅಲ್ಲಿಗೆ ಮುಗಿದಿತ್ತಾದ್ದರಿಂದ ಅವನೂ ಅಲ್ಲಿಗೇ ನಿಲ್ಲಿಸಿದ.

ಮೇಡಂ ಒಂದು ಗಳಿಗೆಯೂ ತಡಮಾಡದೆ ರಿಜಿಸ್ಟರಿನಲ್ಲಿ ‘ಹಾಡಿನ ಉಸ್ತುವಾರಿ: ರಾಮಾಂಜಿನಪ್ಪ, ನೀರುಗಂಟಿ’ ಎಂದು ಬರೆದುಬಿಟ್ಟರು. ಖಾತೆ ಕೆಲಸಕ್ಕೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಕೋನಪ್ಪ ಕೆಮ್ಮಿನ ಜೊತೆ ನಕ್ಕ. ಅವನಿಗೀಗ ಎಪ್ಪತ್ತೆರಡು, ಧ್ವನಿ ಮಾತ್ರ ಇನ್ನೂ ಗುಡಿಯ ಗಂಟೆ.

“ಮೇಡಂ, ತಾಳ ಅಂದ್ರೆ ಹೆಂಡ್ತಿ ಕೈಲಿರೋ ಸಾಮಾನು ಅಂತ ಮಾತ್ರ ಇವನಿಗೆ ಗೊತ್ತು. ಹೋಗಿ ಹೋಗಿ ಇವನಿಗಾ?”

“ಮಾವ, ಈ ಹಾಡು ಗೆದ್ರೆ ಏನ್ ಮಾಡ್ತೀಯ?” ಎಂದ ರಾಮಾಂಜಿನಪ್ಪ. ಕಿವಿ ಕೆಂಪಾಗಿತ್ತು. ಕೋನಪ್ಪ ಊರ ಲೆಕ್ಕದಲ್ಲಿ ಅವನಿಗೆ ಮಾವ.

“ಗೆದ್ರೆ ಶನಿವಾರ ಭಜನೇಲಿ ನನ್ನ ಪಕ್ಕ ಕೂರಿಸ್ಕೊಂಡು ನನ್ ಕೈಯಾರ ತಾಳ ಕೊಡ್ತೀನಿ ಕಣೋ. ಸೋತ್ರೆ, ವಾಲ್ ತಿರುಗಿಸುವಾಗ ಕೂಡ ನೀನು ಗುನುಗಬಾರ್ದು. ಸಾಯೋವರ್ಗೂ!”

ಸಭೆಯಲ್ಲಿದ್ದವರೆಲ್ಲ ಸಾಕ್ಷಿಯಾದರು. ಸುಟ್ಟ ಸ್ಟಾರ್ಟರಿನ ಮಾತು ಯಾರಿಗೂ ನೆನಪಾಗಲಿಲ್ಲ.

ಮಾರನೆಯ ದಿನವೇ ರಾಮಾಂಜಿನಪ್ಪ ಚಿಂತಾಮಣಿಯ ಬಸ್ಸು ಹತ್ತಿದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ, ಟೊಮೊಟೊ ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ, ಮುರಳಿಮೋಹನ್ ಎಂಬುವನು ಕೀಬೋರ್ಡ್ ಕ್ಲಾಸ್ ನಡೆಸುತ್ತಿದ್ದ. ಮದುವೆಗಳಲ್ಲಿ ಆರ್ಕೆಸ್ಟ್ರಾ ಬಾರಿಸುವವನು. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಉತ್ಸಾಹ.

“ಚೂಡಣ್ಣಾ, ಇಲ್ನೋಡು,” ಎಂದು ಅವನು ಕೀಬೋರ್ಡಿನ ಒಂದು ಮನೆ ಒತ್ತಿ ಹಿಡಿದ. ‘ಬೊಂ’ ಎಂಬ ಸದ್ದು ಹಾಗೇ ಉಳಿಯಿತು. “ಇದು ಶ್ರುತಿ. ಹಾಡು ಮುಗಿಯೋವರ್ಗೂ ಇದನ್ನ ಬಿಟ್ಟು ಕೆಳಗಿಳೀಬಾರ್ದು.”

ರಾಮಾಂಜಿನಪ್ಪ ಯೋಚಿಸಿದ. “ಅಂದ್ರೆ ಟ್ಯಾಂಕ್ ಲೆವೆಲ್ಲು.”

“ಟ್ಯಾಂಕಾ?”

“ಓವರ್‌ಹೆಡ್ ಟ್ಯಾಂಕು. ಲೆವೆಲ್ ಇಳಿದ್ರೆ ಕೊನೇ ಮನೆಗೆ ನೀರು ಹತ್ತಲ್ಲ.”

ಮುರಳಿಮೋಹನ್ ಸೂರು ನೋಡಿ ಲೆಕ್ಕ ಹಾಕಿದ. “ಅಂತೇ ಅಣ್ಣಾ, ಅಷ್ಟೇ! ಸರಿ, ಈಗ ತಾಳ. ಎಷ್ಟು ಎಣಿಕೆ ಅಂತ ಒಂದ್ಸಲ ಇಟ್ಕೊಂಡ್ರೆ ಕೊನೇವರ್ಗೂ ಅದೇ ಎಣಿಕೆ.”

“ನಮ್ ಗೇಟ್‌ವಾಲೂ ಅಷ್ಟೆ. ಎಂಟು ಸುತ್ತು ತೆಗೀಬೇಕು, ಎಂಟು ಸುತ್ತು ಹಾಕ್ಬೇಕು.”

“ಎಂಟು! ಆದಿತಾಳ!” ಮುರಳಿಮೋಹನ್ ಕುರ್ಚಿಯಿಂದ ಎದ್ದೇಬಿಟ್ಟ. “ಪಲ್ಲವಿ ಅಂದ್ರೆ ಹಾಡು ಎಲ್ಲೇ ಸುತ್ತಾಡಿದ್ರೂ ತಿರುಗಿ ಬಂದು ಸೇರೋ ಜಾಗ.”

“ಮೈನ್ ಲೈನು.”

“ಚರಣ ಅಂದ್ರೆ, ಮಟ್ಟು ಒಂದೇ, ಮಾತು ಬೇರೆ.”

“ಬೀದಿ ಲೈನು. ಪೈಪು ಒಂದೇ, ಮನೆ ಬೇರೆ.”

“ಮಧ್ಯ ಒಂದು ಅನುಪಲ್ಲವಿ. ಒಂದೇ ಸಲ ಬಂದು ಹೋಗೋದು.”

“ಜಾಯಿಂಟು!”

ಇಬ್ಬರೂ ಬೆವತಿದ್ದರು. ಬೀಜದ ಅಂಗಡಿಯವನು ಮೇಲೆ ಜಗಳವೇನೋ ಎಂದು ಬಂದು ಇಣುಕಿ ಹೋದ.

“ಹಿಂದುಗಡೆ ಹತ್ತು ಜನ ಕೋರಸ್ ಇರ್ಬೇಕು. ಇನ್ನು ಉಳಿದಿದ್ದು ಹುಕ್ಕು,” ಎಂದ ಮುರಳಿಮೋಹನ್, ಧ್ವನಿ ತಗ್ಗಿಸಿ. “ನಾಲ್ಕೇ ಮಾತು. ಕೇಳಿದೋನು ಮನೆಗೋದ್ರೂ ಬಿಡದೆ ಬಾಯಿಗೆ ಬರ್ತಾನೇ ಇರ್ಬೇಕು. ಅದೊಂದನ್ನ ಮಾತ್ರ ನಾನು ಹೇಳ್ಕೊಡಕ್ಕಾಗಲ್ಲ ಅಣ್ಣಾ. ಹನ್ನೆರಡು ವರ್ಷದಿಂದ ನಾನೇ ಹುಡುಕ್ತಿದೀನಿ.”

“ತೊಟ್ಟಿಕ್ಕೋ ನಲ್ಲಿ,” ಎಂದ ರಾಮಾಂಜಿನಪ್ಪ. “ಎಷ್ಟು ಬಿಗಿ ಮಾಡಿದ್ರೂ ಟಪ್ ಟಪ್ ಅಂತಾನೇ ಇರುತ್ತೆ.”

ಮುರಳಿಮೋಹನ್ ಇದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಗುರುವೇ ಬರೆದುಕೊಂಡ ಮೇಲೆ ಶಿಷ್ಯನ ಕಾಲು ನೆಲದ ಮೇಲೆ ನಿಲ್ಲುವುದುಂಟೇ? ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ರಾಮಾಂಜಿನಪ್ಪ ಕಂಬಾಲಹುಡ್ಯದವರೆಗೆ ನಿಂತೇ ಬಂದ.

ಮಾರನೆಯ ಬೆಳಿಗ್ಗೆ ಊರಿಗೆ ನೀರು ಬಿಡುವ ಹೊತ್ತಿನಲ್ಲೇ ಅವನು ಹಾಡು ಕಟ್ಟಲು ಕೂತ. ಹಾಡಿನ ವಿನ್ಯಾಸ ಮನಸ್ಸಿಗೆ ಚೆನ್ನಾಗಿ ಹತ್ತಲಿ ಎಂದು ನೀರನ್ನೂ ಅದೇ ಪ್ರಕಾರ ಬಿಟ್ಟ. ಗುಡಿ ಬೀದಿಯನ್ನು ಪಲ್ಲವಿ ಮಾಡಿದ. ಪಲ್ಲವಿ ಮತ್ತೆ ಮತ್ತೆ ಬರಬೇಕಲ್ಲ, ಗುಡಿ ಬೀದಿಗೆ ನಾಲ್ಕು ಸಲ ನೀರು ಬಂತು. ಅಲ್ಲಿನವರು ಕೊಡ, ಬಕೆಟ್ಟು, ಡ್ರಮ್ಮು ತುಂಬಿಸಿ, ಕೊನೆಗೆ ಎಮ್ಮೆ ತೊಳೆದು, ಎಮ್ಮೆ ಇಲ್ಲದವರು ಸ್ಕೂಟರ್ ತೊಳೆದರು. ಮೇಲಿನ ಬೀದಿ ಚರಣ, ಅದಕ್ಕೆ ಎರಡು ಸಲ. ಹುಣಸೆಮರದ ಬೀದಿ ಅನುಪಲ್ಲವಿ. ಅದಕ್ಕೆ ಒಂದೇ ಸಲ, ಅದೂ ಎರಡು ನಿಮಿಷ.

ಹುಣಸೆಮರದ ಬೀದಿಯ ಶ್ಯಾಮಲಮ್ಮ ಖಾಲಿ ಕೊಡ ಹಿಡಿದು ವಾಲಿನ ಗುಂಡಿಯ ಹತ್ತಿರಕ್ಕೇ ಬಂದಳು. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರದಿಂದ ಎದ್ದು, ಕೊನೆಯ ಪೊರೆ ಕಳಚಿ, ಸೊಪ್ಪು ಸೊಪ್ಪು ಅನ್ನುತ್ತಿದ್ದವು. ಅವಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ.

“ಏನಪ್ಪಾ ರಾಮಾಂಜಿ, ನಮ್ ಬೀದಿ ನಿನ್ ಕಣ್ಣಿಗೆ ಕಾಣಲ್ವಾ?”

“ಅಕ್ಕಾ, ನಿಮ್ದು ಅನುಪಲ್ಲವಿ. ಒಂದೇ ಸಲ ಬರೋದು. ಥಿಯರಿ ಹಂಗೈತೆ.”

“ಯಾವನೋ ಅವನು ಥಿಯರಿ? ಕರಿ ಅವನ್ನ ಇಲ್ಲಿಗೆ!”

ಹನ್ನೊಂದು ಗಂಟೆಗೆ ಪಿಡಿಒ ಮೇಡಂ ಮೇಜಿನ ಮೇಲೆ ಹದಿನಾಲ್ಕು ಸಹಿಗಳ ಒಂದು ಅರ್ಜಿ ಬಿತ್ತು. ‘ಹುಣಸೆಮರದ ಬೀದಿಯನ್ನು ಅನುಪಲ್ಲವಿಯಿಂದ ತೆಗೆದು ಪಲ್ಲವಿಗೆ ಸೇರಿಸಬೇಕಾಗಿ ಕೋರಿಕೆ.’ ಮೇಡಂ ಮೂರು ಸಲ ಓದಿದರು. ಹನ್ನೊಂದು ವರ್ಷದ ಸರ್ವಿಸ್ಸಿನಲ್ಲಿ ಇಂಥ ಅರ್ಜಿ ಬಂದಿರಲಿಲ್ಲ. ಯಾವ ಫೈಲಿಗೆ ಹಾಕಬೇಕೆಂದು ತಿಳಿಯದೆ ‘ಕುಡಿಯುವ ನೀರು, ಇತರೆ’ ಎಂದು ಗುರುತು ಹಾಕಿ, ರಾಮಾಂಜಿನಪ್ಪನನ್ನು ಕರೆಸಿದರು.

“ರಾಮಾಂಜಿನಪ್ಪ, ಹಾಡಿಗೆ ಥಿಯರಿ ಇರ್ಲಿ. ನೀರಿಗೆ ಬೇಡ.”

“ಆಯ್ತು ಮೇಡಂ. ಆದ್ರೆ ಹಾಡು ಎದ್ದು ನಿಂತ್ಬಿಡ್ತು ಮೇಡಂ!” ಎಂದು ಅವನು ಅಲ್ಲೇ ಹಾಡಿದ. “ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ನೀಲಿ ಡಬ್ಬಿಗೆ, ಬನ್ನಿ ಅಕ್ಕ ಬನ್ನಿ ಅಣ್ಣ, ಗಾಡಿ ಬಂತು ಬಾಗಿಲಿಗೆ!”

ಮೇಡಂ ಎದುರಿಗಿದ್ದ ಫ್ಯಾನನ್ನು ಜೋರು ಮಾಡಿದರು.

ಇನ್ನು ಕೋರಸ್ಸು. ಹತ್ತು ಜನ ಬೇಕೆಂದಿದ್ದ ಮುರಳಿಮೋಹನ್. ಊರಲ್ಲಿ ತಿರುಗಿ ಹೇಳುವುದರಲ್ಲಿ ಪಳಗಿದವರು ಹದಿನೆಂಟು ಜನ ಇರುವಾಗ ಬೇರೆ ಎಲ್ಲಿ ಹುಡುಕುವುದು? ಕೋನಪ್ಪ ಬರುವುದಿಲ್ಲ ಎಂದ, ಆದರೆ ಉಳಿದವರನ್ನು ತಡೆಯಲಿಲ್ಲ. ಮುನಿಗಂಗಮ್ಮ ರೊಟ್ಟಿ ತಟ್ಟುತ್ತಾ ಗಂಡನ ಮುಖ ನೋಡಿದಳು. ಮೂವತ್ತು ವರ್ಷದಿಂದ ಶನಿವಾರ ಶನಿವಾರ ಆ ಮುಖ ಚಪ್ಪಲಿಗಳ ನಡುವಿನಿಂದ ಒಳಗೆ ಇಣುಕುವುದನ್ನು ಅವಳು ಕಂಡಿದ್ದಳು. ಪಾಪ ಅನಿಸಿತು.

“ಯೋವ್, ಎಲ್ರನ್ನೂ ನಾನು ಕರ್ಕೊಂಡು ಬರ್ತೀನಿ. ಆದ್ರೆ ಒಂದು ಮಾತು. ನಾವು ಗುರು ಬಾಯಿಂದ ಬಂದಿದ್ದನ್ನ ಹಾಡೋರು. ಅಲ್ಲಿ ನೀನೇ ಗುರು. ಬಾಯಿ ಹತೋಟೀಲಿ ಇಟ್ಕೋ.”

“ಅದೆಲ್ಲಾ ನಂಗೊತ್ತು ಕಣೇ,” ಎಂದ ರಾಮಾಂಜಿನಪ್ಪ.

ಬುಧವಾರ ಸಂಜೆ ಐದಕ್ಕೆ ಗುಡಿಯಲ್ಲಿ ರೆಕಾರ್ಡಿಂಗ್. ಕವಿತ ತನ್ನ ಮೊಬೈಲನ್ನು ಗಂಟೆಯ ಸರಪಳಿಗೆ ದಾರದಲ್ಲಿ ಕಟ್ಟಿ ತೂಗಿಬಿಟ್ಟಳು. ಕೋನಪ್ಪ ಬರುವುದಿಲ್ಲ ಎಂದಿದ್ದವನು ಬಂದ. ಒಳಗೆ ಬರದೆ, ಬಾಗಿಲಲ್ಲಿ ರಾಮಾಂಜಿನಪ್ಪ ಪ್ರತಿ ಶನಿವಾರ ಕೂರುವ ಜಾಗದಲ್ಲೇ, ಚಪ್ಪಲಿಗಳ ನಡುವೆ ಆರಾಮಾಗಿ ಕೂತ.

ಶುರುವೇನೋ ಬಹಳ ಚೆನ್ನಾಗಿತ್ತು. ‘ಹಸಿ ಕಸ ಹಸಿರು ಡಬ್ಬಿಗೆ’ ಎಂದ ರಾಮಾಂಜಿನಪ್ಪ. ‘ಹಸಿ ಕಸ ಹಸಿರು ಡಬ್ಬಿಗೆ’ ಎಂದು ಹದಿನೆಂಟು ಕಂಠ ಎರಡು ಸಲ ಎತ್ತಿಕೊಂಡಾಗ ಅವನ ಮೈ ಝುಂ ಎಂದಿತು. ತಾನು ಹೇಳಿದ್ದನ್ನು ಊರು ತಿರುಗಿ ಹೇಳುತ್ತಿದೆ! ಆ ಸಂಭ್ರಮಕ್ಕೆ ಅವನ ಹಾಡು ಓಡಿತು, ಅವರೂ ಓಡಿದರು, ಮೃದಂಗವೂ ಓಡಿತು.

“ಸ್ವಲ್ಪ ಮೆಲ್ಲಗೆ! ಓಡಬೇಡ್ರಮ್ಮಾ!” ಎಂದ.

“ಸ್ವಲ್ಪ ಮೆಲ್ಲಗೆ, ಓಡಬೇಡ್ರಮ್ಮಾ,” ಎಂದು ಹದಿನೆಂಟು ಜನ ಕಣ್ಣು ಮುಚ್ಚಿ, ರಾಗ ಎಳೆದು, ಎರಡು ಸಲ ಹಾಡಿದರು.

“ಅಯ್ಯೋ, ಅದಲ್ಲ! ಅದು ಹಾಡಲ್ಲ!”

“ಅಯ್ಯೋ ಅದಲ್ಲ, ಅದು ಹಾಡಲ್ಲ.” ಮೃದಂಗದವನಿಗೆ ಈ ಸಾಲು ಬಹಳ ಹಿಡಿಸಿತು. ಒಂದು ಮುಕ್ತಾಯ ಬಾರಿಸಿದ.

ರಾಮಾಂಜಿನಪ್ಪ ಎರಡೂ ಕೈ ಎತ್ತಿ ನಿಲ್ಲಿಸಲು ಸನ್ನೆ ಮಾಡಿದ. ಕಣ್ಣು ಮುಚ್ಚಿದವರಿಗೆ ಸನ್ನೆ ಎಲ್ಲಿಂದ ಕಾಣಬೇಕು? ಅಷ್ಟರಲ್ಲಿ ಹಿಂದಿನ ಸಾಲಿನ ನಲ್ಲಪ್ಪನ ಮೇಲೆ ಅವನ ದೃಷ್ಟಿ ಬಿತ್ತು. ನಲ್ಲಪ್ಪ ಭಜನೆಗೆ ಬಂದರೆ ಜೇಬಿನಲ್ಲಿ ಮಿಕ್ಸ್ಚರ್ ಪೊಟ್ಟಣ ತರುವವನು. ತಿಂದು ಮುಗಿಸಿ ಪ್ಲಾಸ್ಟಿಕ್ ಕವರನ್ನು ಆಂಜನೇಯನ ಕಡೆಗೇ ಬಿಸಾಕಿದ್ದ. ಕಸದ ಹಾಡಿನ ರೆಕಾರ್ಡಿಂಗಿನಲ್ಲೇ ಕಸ! ರಾಮಾಂಜಿನಪ್ಪನ ಸಿಟ್ಟು ನೆತ್ತಿಗೇರಿತು.

“ನಲ್ಲಪ್ಪಾ! ಆ ಕವರ್ ಯಾಕೋ ಅಲ್ಲಾಕ್ದೆ? ಎತ್ತು! ಎತ್ತು!”

“ನಲ್ಲಪ್ಪಾ, ಆ ಕವರ್ ಯಾಕೋ ಅಲ್ಲಾಕ್ದೆ? ಎತ್ತು, ಎತ್ತು!” ಎಂದು ಗುಡಿ ಮೊಳಗಿತು. ಮುನಿಗಂಗಮ್ಮನ ತಾಳ ‘ಎತ್ತು ಎತ್ತು’ ಎಂಬಲ್ಲಿ ಸರಿಯಾಗಿ ಎರಡು ಪೆಟ್ಟು ಕೊಟ್ಟಿತು. ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವನು ನಲ್ಲಪ್ಪನೇ. ಕವರು ಎತ್ತಲಿಲ್ಲ.

“ಸಾಕು, ನಿಲ್ಸಿ! ನಿಮ್ ಕಾಲಿಗೆ ಬೀಳ್ತೀನಿ!”

“ಸಾಕು ನಿಲ್ಸಿ, ನಿಮ್ ಕಾಲಿಗೆ ಬೀಳ್ತೀನಿ.” ಇದು ಕರುಣರಸದಲ್ಲಿ ಬಂತು. ಒಂದಿಬ್ಬರು ಹೆಂಗಸರ ಕಣ್ಣಲ್ಲಿ ನೀರು ಇಳಿಯಿತು.

ಹೀಗೆ ಹನ್ನೊಂದು ನಿಮಿಷ. ಅವನು ಕೂಗಿದಷ್ಟೂ ಅವರು ಹಾಡಿದರು, ಅವನು ಸುಮ್ಮನಾದರೆ ಕೊನೆಯ ಸಾಲನ್ನೇ ಹಿಡಿದು ಎಳೆದರು. ಬಾಗಿಲಲ್ಲಿ ಕೋನಪ್ಪ ತೊಡೆ ತಟ್ಟಿಕೊಂಡು ಮನಸಾರೆ ಅನುಭವಿಸಿ, ಸಾಕೆನಿಸಿದಾಗ ಒಳಗೆ ಬಂದು ಮಂಗಳ ಎತ್ತಿದ. ಹದಿನೆಂಟು ಜನ ಥಟ್ಟನೆ ಎದ್ದು ನಿಂತರು, ಗಂಟೆ ಜಾಗಟೆ ಬಡಿದುಕೊಂಡವು, ಭಜನೆ ಮುಗಿಯಿತು.

“ಇನ್ನೊಂದ್ಸಲ ಹಾಡಣ,” ಎಂದ ರಾಮಾಂಜಿನಪ್ಪ.

“ಮಂಗಳ ಆದ್ಮೇಲೆ ಇವತ್ತು ಮತ್ತೆ ಹಾಡಂಗಿಲ್ಲಪ್ಪ,” ಎಂದು ಎಲ್ಲರೂ ಚಪ್ಪಲಿ ಹಾಕಿಕೊಂಡರು. ಕೋನಪ್ಪ ಅವನ ಹೆಗಲು ತಟ್ಟಿದ.

“ನಾಳೆಯಿಂದ ಗುನುಗೋದು ಬಿಡೋದು ಅಭ್ಯಾಸ ಮಾಡ್ಕೋ ರಾಮಾಂಜಿ.”

ರಾಮಾಂಜಿನಪ್ಪ ಕಂಬಕ್ಕೆ ಒರಗಿ ಕೂತುಬಿಟ್ಟ. ಕವಿತ ಮೊಬೈಲು ಬಿಚ್ಚಿಕೊಂಡು, “ಮಾವ, ಮೂರು ನಿಮಿಷಕ್ಕೆ ಕತ್ತರಿಸಿ ಕಳಿಸ್ಬೇಕಲ್ಲ, ಯಾವ್ದು ಇಟ್ಕೊಳ್ಳಲಿ?” ಎಂದಳು.

“ಚೆನ್ನಾಗಿರೋದು ಇಟ್ಕೊಳಮ್ಮಾ,” ಎಂದ ಅವನು. ಮೊದಲ ನಿಮಿಷವಾದರೂ ಉಳಿಯಲಿ ಎಂಬುದು ಅವನ ಆಸೆ.

ಗುರುವಾರ ಬೆಳಿಗ್ಗೆ ಆರೂವರೆಗೆ ರಾಮಾಂಜಿನಪ್ಪ ವಾಲು ತಿರುಗಿಸುತ್ತಿದ್ದ, ಗುನುಗದೆ. ಗುಡಿ ಬೀದಿಯ ತಿರುವಿನಲ್ಲಿ ಕಸದ ಗಾಡಿ ಕಾಣಿಸಿತು. ಅದರ ಮೈಕಿನಿಂದ ಅವನದೇ ಧ್ವನಿ ಗುಡುಗಿತು.

“ನಲ್ಲಪ್ಪಾ! ಆ ಕವರ್ ಯಾಕೋ ಅಲ್ಲಾಕ್ದೆ? ಎತ್ತು! ಎತ್ತು!”

ಹಿಂದೆಯೇ ಹದಿನೆಂಟು ಜನ, ಮೃದಂಗ, ತಾಳ. ರಾಮಾಂಜಿನಪ್ಪನ ಕೈಯಿಂದ ವಾಲಿನ ಕೀ ಜಾರಿ ಗುಂಡಿಗೆ ಬಿತ್ತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಯಾರು ಯಾರನ್ನು ಬೈಯುತ್ತಿದ್ದಾರೆ ಎಂದು ನೋಡಲು ಜನ ಹಲ್ಲುಜ್ಜುವ ಬ್ರಷ್ಷಿನ ಸಮೇತ ಹೊರಗೆ ಓಡಿಬಂದರು. ಬೈಗುಳ ನಲ್ಲಪ್ಪನಿಗೆ ಎಂದು ತಿಳಿದ ಮೇಲೆ, ಮುಂದಿನದು ತಮ್ಮ ಹೆಸರೇ ಇರಬಹುದೆಂಬ ಭಯ ಹತ್ತಿತು. ಒಳಗೆ ಓಡಿ ಮೂಲೆಯ ಕಸ, ಮಂಚದ ಕೆಳಗಿನ ಕಸ, ಹಿತ್ತಲಿನ ಹಳೇ ಪ್ಲಾಸ್ಟಿಕ್ಕು ಎಲ್ಲ ಬಾಚಿ ತಂದರು. ಶ್ಯಾಮಲಮ್ಮ ಹಸಿ ಒಂದು ಕೈಯಲ್ಲಿ, ಒಣ ಒಂದು ಕೈಯಲ್ಲಿ ಹಿಡಿದು ಗಾಡಿಯ ಹಿಂದೆಯೇ ಓಡಿದಳು. “ಕವಿತಾ, ನಾನು ಬೇರೆ ಬೇರೆ ಮಾಡಿದೀನಿ ಕಣಮ್ಮಾ, ನನ್ ಹೆಸ್ರು ಹಾಕ್ಸಬೇಡ!”

ನಲ್ಲಪ್ಪ ಮಾತ್ರ ದೊಣ್ಣೆ ಹಿಡಿದು ಹೊರಟಿದ್ದ. ದಾರಿಯಲ್ಲಿ ಗೌರಿಬಿದನೂರಿನ ಷಡ್ಡಕನ ಫೋನ್ ಬಂತು. “ಏನ್ ನಲ್ಲಪ್ಪ, ನಿನ್ ಹೆಸ್ರಲ್ಲೇ ಹಾಡು ಬಂದೈತಂತೆ! ವಾಟ್ಸಾಪಲ್ಲಿ ಕೇಳಿದ್ವಿ. ನಮ್ಗೆ ಹೇಳ್ಲೇ ಇಲ್ಲ?” ನಲ್ಲಪ್ಪ ದೊಣ್ಣೆ ಕೆಳಗಿಳಿಸಿ, ಮೀಸೆ ಸರಿಮಾಡಿಕೊಂಡು, “ಹೂಂ, ಅವ್ರು ಬಲವಂತ ಮಾಡಿದ್ರು,” ಎಂದ. ಏಳು ಗಂಟೆಗೆಲ್ಲ ಗಾಡಿ ತುಂಬಿ ಎರಡನೆಯ ಸುತ್ತು ಹೊರಟಿತು. ಹಿಂದೆಂದೂ ಹೀಗಾದದ್ದಿಲ್ಲ.

ರಾಮಾಂಜಿನಪ್ಪನಿಗೆ ಇದಾವುದೂ ಕಾಣಲಿಲ್ಲ. ಹನ್ನೊಂದು ಗಂಟೆಗೆ ಶಿಡ್ಲಘಟ್ಟದಲ್ಲಿ ಇದೇ ಹಾಡು ಎಂಬುದೊಂದೇ ತಲೆಯಲ್ಲಿತ್ತು. ಶೋಭಾರಾಣಿ ಮೇಡಂ ಮೀಟಿಂಗುಗಳ ನಡುವೆ ಹಾಡನ್ನು ಕೇಳದೆಯೇ ಮುಂದಕ್ಕೆ ಕಳಿಸಿಬಿಟ್ಟಿದ್ದರು.

ಸಭಾಂಗಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಂಚಾಯಿತಿಗಳ ಜನ. ಮುಂದಿನ ಸಾಲಿನಲ್ಲಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ರಮೇಶ್‌ಬಾಬು ಸಾಹೇಬರು. ಒಂದೊಂದೇ ಹಾಡು ಬಂತು. ಎಲ್ಲವೂ ಸ್ಟುಡಿಯೊ ಹಾಡು, ಕೊಳಲು, ಪಿಟೀಲು, ಜೇನಿನಂಥ ಕಂಠ. ಏಳನೆಯ ಹಾಡಿಗೆ ಎಲ್ಲರೂ ಮೊಬೈಲಿಗೆ ಇಳಿದಿದ್ದರು. ಹತ್ತನೆಯದಕ್ಕೆ ಟೀ ಬಂತು. ಎಲ್ಲರೂ ಕುಡಿದು ಪೇಪರ್ ಕಪ್ಪನ್ನು ಕುರ್ಚಿಯ ಕೆಳಗೆ ನೂಕಿದರು. ಎದುರಿಗೇ ‘ಸ್ವಚ್ಛತೆಯೇ ನಮ್ಮ ಉಸಿರು’ ಎಂಬ ಬ್ಯಾನರು ಗಾಳಿಗೆ ಆಡುತ್ತಿತ್ತು.

“ಮುಂದಿನದು ಕಂಬಾಲಹುಡ್ಯ.”

“ನಲ್ಲಪ್ಪಾ! ಆ ಕವರ್ ಯಾಕೋ ಅಲ್ಲಾಕ್ದೆ? ಎತ್ತು! ಎತ್ತು!”

ಮೇಡಂ ಮುಖ ಬಿಳುಚಿತು. ಎರಡನೆಯ ಸಾಲಿನಲ್ಲಿದ್ದ ದಪ್ಪ ಸದಸ್ಯರೊಬ್ಬರು ಬೆಚ್ಚಿಬಿದ್ದು, ಬಗ್ಗಿ ತಮ್ಮ ಕಪ್ಪನ್ನು ಎತ್ತಿಕೊಂಡರು. ‘ಎತ್ತು, ಎತ್ತು!’ ಪಕ್ಕದವರೂ ಬಗ್ಗಿದರು. ಸಾಲು ಸಾಲಾಗಿ ಕುರ್ಚಿಗಳು ಕಿರುಗುಟ್ಟಿದವು. ಮೂರನೆಯ ಸಲ ‘ಎತ್ತು, ಎತ್ತು’ ಎಂದಾಗ ಇಡೀ ಸಭಾಂಗಣ ಕಪ್ಪು ಕೈಯಲ್ಲಿ ಹಿಡಿದು ಕೂತಿತ್ತು. ಕೊನೆಗೆ ರಮೇಶ್‌ಬಾಬು ಸಾಹೇಬರೂ ಆಕಡೆ ಈಕಡೆ ನೋಡಿ, ಮೆಲ್ಲಗೆ ಬಗ್ಗಿ, ತಮ್ಮದನ್ನು ಎತ್ತಿಕೊಂಡರು. ‘ಸಾಕು ನಿಲ್ಸಿ, ನಿಮ್ ಕಾಲಿಗೆ ಬೀಳ್ತೀನಿ’ ಎಂಬಲ್ಲಿ ಹಾಡು ಮುಗಿಯಿತು.

“ಈ ಹಾಡು ಮಾಡಿದ್ದು ಯಾರು?” ಎಂದರು ಸಾಹೇಬರು.

ರಾಮಾಂಜಿನಪ್ಪ ಎದ್ದ. “ನಾನೇ ಸಾರ್. ತಪ್ಪಾಗಿ ಬಂದೈತೆ ಸಾರ್.”

“ಇದು ಯಾವ ಪದ್ಧತಿ ಸಂಗೀತ?”

“ನೀರು ಸರಬರಾಜು ಪದ್ಧತಿ ಸಾರ್.”

ಸಾಹೇಬರು ನಗಲಿಲ್ಲ. ಕೈಯಲ್ಲಿದ್ದ ಕಪ್ಪನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. “ನಾನು ಆರು ವರ್ಷದಿಂದ ಭಾಷಣ ಮಾಡ್ತಿದೀನಿ. ಒಂದು ದಿನ ಒಬ್ರೂ ಬಗ್ಗಿರ್ಲಿಲ್ಲ. ಈ ಹಾಡೇ ಆಗ್ಲಿ!”

ಚಪ್ಪಾಳೆಯ ಮಧ್ಯೆ ರಾಮಾಂಜಿನಪ್ಪ ಮುರಳಿಮೋಹನನಿಗೆ ಫೋನ್ ಮಾಡಿದ. ಅತ್ತಲಿಂದ ಒಂದು ನಿಟ್ಟುಸಿರು ಬಂತು. “ಹನ್ನೆರಡು ವರ್ಷ ಹುಡುಕಿದ ಹುಕ್ಕು ಅಣ್ಣಾ! ನಿನ್ ಬಾಯಿಗೆ ಬೈಗುಳದಲ್ಲಿ ಬಂತಲ್ಲಣ್ಣಾ!”

ಶನಿವಾರ ಸಂಜೆ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋನಪ್ಪ ಮಾತಿಗೆ ತಪ್ಪುವವನಲ್ಲ. ಮುಖ ಬೇವು ಅಗಿದಂತಿದ್ದರೂ ರಾಮಾಂಜಿನಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಯಾರೆ ಒಂದು ಜೊತೆ ಕಂಚಿನ ತಾಳ ಕೊಟ್ಟ. ರಾಮಾಂಜಿನಪ್ಪ ಅದನ್ನು ಕಣ್ಣಿಗೊತ್ತಿಕೊಂಡ. ಕೋನಪ್ಪ ಹಾಡು ಎತ್ತಿದ. ರಾಮಾಂಜಿನಪ್ಪ ಬಡಿದ. ಮೊದಲನೆಯ ಪೆಟ್ಟೇ ಬೇರೆ ಕಡೆ ಬಿತ್ತು. ಎರಡನೆಯದು ಅದನ್ನು ಹುಡುಕಿಕೊಂಡು ಹೋಯಿತು. ಮೃದಂಗದವನು ಎದ್ದು ಆಚೆ ಹೋಗಲು ಪಂಚೆ ಸರಿಮಾಡಿಕೊಂಡ.

“ಅಯ್ಯೋ, ಜಾರ್ತು!” ಎಂದ ರಾಮಾಂಜಿನಪ್ಪ. ಗುರುವಿನ ಪಕ್ಕ ಕೂತವನ ಮಾತು ಗುರುವಿನ ಮಾತೇ ಇರಬೇಕೆಂದು ಜನ ತಿಳಿದರು.

“ಅಯ್ಯೋ ಜಾರ್ತು!” ಎಂದು ಗುಡಿ ಎರಡು ಸಲ ಹಾಡಿತು.

ಕೋನಪ್ಪನ ಕಣ್ಣು ಕೆಂಡವಾದವು. ರಾಮಾಂಜಿನಪ್ಪನಿಗೆ ಬುಧವಾರದ ಹನ್ನೊಂದು ನಿಮಿಷ ನೆನಪಾಗಿ ಜೀವ ಹಾರಿತು. ಆದರೆ ಈ ಸಲ ನಿಲ್ಲಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು. ಎದೆ ತುಂಬಾ ಉಸಿರೆಳೆದು ಮಂಗಳ ಎತ್ತಿದ.

ಎಲ್ಲರೂ ಎದ್ದು ನಿಂತರು. ಕಟ್ಟಳೆ ಕಟ್ಟಳೆಯೇ, ಕೋನಪ್ಪನೂ ಏಳಬೇಕಾಯಿತು. ಕರ್ಪೂರ ಹತ್ತಿತು, ಗಂಟೆ ಬಡಿಯಿತು. ಶುರುವಾಗಿ ನಾಲ್ಕು ನಿಮಿಷಕ್ಕೆ ಕಂಬಾಲಹುಡ್ಯದ ಭಜನೆ ಮುಗಿಯಿತು. ಕಡಲೆ ಉಸಲಿ ಇಷ್ಟು ಬೇಗ ಬಂತೆಂದು ಮಕ್ಕಳಿಗೂ ನಲ್ಲಪ್ಪನಿಗೂ ಹಿಡಿಸಲಾರದ ಸಂತೋಷ.

“ಕೊಡೋ ಇಲ್ಲಿ ತಾಳ,” ಎಂದು ಕೋನಪ್ಪ ಕೈ ಚಾಚಿದ. ರಾಮಾಂಜಿನಪ್ಪ ತಲೆ ತಗ್ಗಿಸಿ ಕೊಡಲು ಹೋದ. ಅವನ ಬೆರಳುಗಳು ತಾಳದ ದಾರ ಬಿಡುತ್ತಿರಲಿಲ್ಲ. ಕೋನಪ್ಪ ಆ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ.

“ಎಲ್ಲಾ ತಪ್ಪು ಮಾಡ್ದೆ. ಮಂಗಳ ಒಂದನ್ನ ಮಾತ್ರ ಸರಿಯಾಗಿ ಎತ್ತಿದೆ,” ಎಂದ. “ಮುಂದಿನ ಶನಿವಾರದಿಂದ ಮಂಗಳ ನಿಂದು. ಕೊನೇಲಿ. ಕೊನೇಲಿ ಮಾತ್ರ ಕಣೋ!”

ಮುಂದಿನ ಶನಿವಾರ ಚಪ್ಪಲಿ ಕಾಯಲು ನಲ್ಲಪ್ಪ ಕೂತ. ರಾಮಾಂಜಿನಪ್ಪ ಒಳಗೆ, ಹೆಂಡತಿಯ ಪಕ್ಕ, ತಾಳವನ್ನು ತೊಡೆಯ ಮೇಲಿಟ್ಟುಕೊಂಡು ಒಂದೂವರೆ ಗಂಟೆ ಮಿಸುಕದೆ ಕಾದ. ಕೊನೆಗೆ ಕೋನಪ್ಪ ಅವನ ಕಡೆ ತಿರುಗಿ ತಲೆಯಾಡಿಸಿದ. ರಾಮಾಂಜಿನಪ್ಪ ಎದ್ದು ನಿಂತು ಮಂಗಳ ಎತ್ತಿದ. ಗಂಟೆ, ಜಾಗಟೆ, ಮೃದಂಗ ಎಲ್ಲ ಒಟ್ಟಿಗೆ ಮೊಳಗಿದವು. ಅವನು ಕಣ್ಣು ಮುಚ್ಚಿ, ಮೂವತ್ತು ವರ್ಷದ ಆಸೆಯೆಲ್ಲ ಸೇರಿಸಿ, ಕೈಗೆ ಬಂದಂತೆ ತಾಳ ಬಡಿದ. ಆ ಗದ್ದಲದಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ಆಂಜನೇಯನಿಗೂ ಗೊತ್ತಾಗುವಂತಿರಲಿಲ್ಲ.

ಮಂಗಳದಲ್ಲೂ ಎಣಿಕೆ ಬಿಡದೆ ಬಡಿಯುತ್ತಿದ್ದವಳು ಊರಿನಲ್ಲಿ ಮುನಿಗಂಗಮ್ಮ ಒಬ್ಬಳೇ. ಅವಳು ಗಂಡನ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ತನ್ನ ಎಣಿಕೆ ಬಿಟ್ಟು, ಅವನ ತಾಳ ಎಲ್ಲೆಲ್ಲಿ ತಪ್ಪಿತೋ ಅಲ್ಲಲ್ಲೇ ತಾನೂ ತಪ್ಪಿ ಬಡಿದಳು.